ಜತ್ ಸೀಮೆಯ ಲಘು ರೈಲು: ಉಳಿದಿರುವುದೇನು?

ನಮ್ಮ ತಾಲ್ಲೂಕಿನ ಹೆಸರನ್ನು ಹೊತ್ತ ರೈಲು ನಿಲ್ದಾಣಕ್ಕೆ ಬರಿಯ 'ಜತ್' ಎನ್ನದೆ 'ಜತ್ ರೋಡ್' ಎಂದೇಕೆ ಕರೆದರು? ಊರು ದೂರ, ನಿಲ್ದಾಣದಿಂದ ಅಲ್ಲಿಗೆ ಹೋಗುವ ದಾರಿ ಮಾತ್ರ ಇದೆ ಎಂಬುದೇ 'ರೋಡ್' ಎಂಬ ಬಾಲದ ಅರ್ಥ. ಕುರ್ಡುವಾಡಿ ನಿಲ್ದಾಣಕ್ಕೂ ಹಿಂದೆ 'ಬಾರ್ಶಿ ರೋಡ್' ಎಂಬ ಹೆಸರಿದ್ದಿತು. ಮುಂಬಯಿ-ಸೊಲ್ಲಾಪುರದ ದೊಡ್ಡ ಹಳಿ ಬಾರ್ಶಿ ಪೇಟೆಯನ್ನು ಮುಟ್ಟದೆ 21 ಮೈಲು ದೂರದಲ್ಲಿ ಹಾದುಹೋಗಿದ್ದಿತು. ಆ ಕೊರತೆಯನ್ನು ತುಂಬಲೆಂದೇ ಬಾರ್ಶಿ ಲಘು ರೈಲು ಹುಟ್ಟಿತು.

ಇದರ ಕರ್ತೃ ಎವರಾರ್ಡ್ ಕ್ಯಾಲ್ತ್ರಾಪ್ ಎಂಬ ಆಂಗ್ಲ ಇಂಜಿನಿಯರು. 1894ರಲ್ಲಿ ಇಂಗ್ಲೆಂಡಿನ ಲೀಡ್ಸ್ ಬಳಿ ತನ್ನ ಗಾಡಿಗಳನ್ನು ಪ್ರದರ್ಶಿಸಿ, 1895ರಲ್ಲಿ ಲಂಡನ್ನಿನಲ್ಲಿ ಕಂಪನಿ ಕಟ್ಟಿ, 1897ರಲ್ಲಿ ಬಾರ್ಶಿಗೆ ಮೊದಲ ಬಂಡಿಯನ್ನು ಓಡಿಸಿದನು. ಹಳಿ 1906ರಲ್ಲಿ ಪಂಢರಪುರವನ್ನು, 1911ರಲ್ಲಿ ಲಾತೂರನ್ನು, 1927ರಲ್ಲಿ ಮಿರಜನ್ನು ಮುಟ್ಟಿತು. ಒಟ್ಟು ಉದ್ದ 202 ಮೈಲು. 1954ರಲ್ಲಿ ಭಾರತ ಸರಕಾರವು ಇದನ್ನು ವಶಕ್ಕೆ ತೆಗೆದುಕೊಂಡಿತು.

'ಲಘು' ಎಂಬ ಮಾತಿನ ಮರ್ಮವನ್ನು ಸ್ವಲ್ಪ ವಿವರಿಸಬೇಕು. ಹಳಿಗಳ ನಡುವಣ ಅಂತರ 2 ಅಡಿ 6 ಅಂಗುಲ. ಆದರೆ ಲಘುತ್ವವು ಅಗಲದಲ್ಲಿಯೇ ಇಲ್ಲ, ಭಾರದ ಹಂಚಿಕೆಯಲ್ಲಿದೆ. ಒಂದು ಚೀಲ ಜೋಳವನ್ನು ಒಬ್ಬನೇ ಹೊತ್ತರೆ ಬೆನ್ನು ಬಾಗುವುದು. ನಾಲ್ವರು ಹಿಡಿದರೆ ಯಾರಿಗೂ ಭಾರವಿಲ್ಲ. ಹಾಗೆಯೇ ಇಂಜಿನ್ ಇರಲಿ, ಸರಕಿನ ಡಬ್ಬಿ ಇರಲಿ, ಯಾವ ಅಚ್ಚಿನ ಮೇಲೂ 5 ಟನ್ನಿಗಿಂತ ಹೆಚ್ಚು ಭಾರ ಬೀಳದಂತೆ ಕ್ಯಾಲ್ತ್ರಾಪ್ ಯೋಜಿಸಿದನು. ಮೊದಲ ಇಂಜಿನ್ನುಗಳಿಗೆ ಆರು ಅಚ್ಚುಗಳು. ಆದುದರಿಂದ ಸುಮಾರು 30 ಟನ್ ತೂಗುವ ಯಂತ್ರವೂ ತೆಳುವಾದ ಹಳಿಯ ಮೇಲೆ ನಿರಾತಂಕವಾಗಿ ಸಾಗುತ್ತಿದ್ದಿತು. ಹಳಿ ತೆಳುವಾದರೆ ವೆಚ್ಚ ಕಡಿಮೆ. ವೆಚ್ಚ ಕಡಿಮೆಯಾದರೆ ಬರಗಾಲದ ಬಡ ಸೀಮೆಗೂ ರೈಲು.

ದೋಷವೂ ಇದ್ದಿತು. ಅಗಲ ಬದಲಾದೆಡೆ ಬಂಡಿ ಮುಂದೆ ಹೋಗಲಾರದು. ಕರ್ನಾಟಕದ ಕಡೆಯಿಂದ ಮಿರಜಿಗೆ ಬಂದ ವಿಠ್ಠಲನ ಭಕ್ತನು ಗಂಟು ಹೊತ್ತು ಸಣ್ಣ ಬಂಡಿಯನ್ನು ಏರಬೇಕು. ಸರಕನ್ನು ಹಮಾಲರು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹೊರಬೇಕು. ಲಾರಿಗಳು ಬಾಗಿಲಿಗೇ ಬಂದಾಗ ಈ ತೊಡಕು ಸಹನೀಯವೆನಿಸಲಿಲ್ಲ. 2011ರ ಹೊತ್ತಿಗೆ ಇಡೀ ಮಾರ್ಗವು ದೊಡ್ಡ ಹಳಿಗೆ ಪರಿವರ್ತನೆ ಹೊಂದಿತು. ಅದರಿಂದ ಪ್ರಯೋಜನವೇ ಆಯಿತು. ಈ ಬಗ್ಗೆ ಕೊರಗಬೇಕಾದುದಿಲ್ಲ.

ಆದರೆ ಹಳೆಯದು ಹೋಗುವಾಗ ಅದರ ಗುರುತನ್ನು ಉಳಿಸಿಕೊಳ್ಳುವ ಕ್ರಮವೊಂದುಂಟು. ಇದೇ ಕ್ಯಾಲ್ತ್ರಾಪನು ಇಂಗ್ಲೆಂಡಿನಲ್ಲಿ ಇದೇ ಅಗಲದಲ್ಲಿ ಕಟ್ಟಿದ ಲೀಕ್-ಮ್ಯಾನಿಫೋಲ್ಡ್ ಮಾರ್ಗವು 1904ರಲ್ಲಿ ತೆರೆದು 1934ರಲ್ಲಿ ಮುಚ್ಚಿತು. 1937ರಲ್ಲಿ ಅದೇ ಜಾಡನ್ನು ಕಾಲುದಾರಿಯಾಗಿ ಜನರಿಗೆ ಬಿಟ್ಟುಕೊಟ್ಟರು. ಮುಂಬಯಿಯಲ್ಲಿ 1874ರಿಂದ ಕುದುರೆಗಳೂ 1907ರಿಂದ ವಿದ್ಯುತ್ತೂ ಎಳೆದ ಟ್ರಾಮು 1964ರಲ್ಲಿ ನಿಂತಿತು. ಕಲಕತ್ತೆಯಲ್ಲಿ 2014ರಲ್ಲಿ ಹಳೆಯ ಟ್ರಾಮ್ ಗಾಡಿಯೊಂದನ್ನೇ ವಸ್ತುಸಂಗ್ರಹಾಲಯವಾಗಿ ಮಾಡಿದರು. ಮೈಸೂರಿನ ರೈಲು ಸಂಗ್ರಹಾಲಯವು 1979ರಿಂದಲೂ ಇದೆ. 1907ರ ನೇರಳ್-ಮಾಥೆರಾನ್ ಸಣ್ಣ ಬಂಡಿ ಇನ್ನೂ ಘಟ್ಟವೇರುತ್ತಿದೆ.

ನಮ್ಮ ಪಾಲಿಗೆ ಉಳಿದುದೇನು? ಕುರ್ಡುವಾಡಿಯ ಕಾರ್ಖಾನೆ, 'ಜತ್ ರೋಡ್' ಎಂಬ ಹೆಸರು, ಹಿರಿಯರ ನಾಲಗೆಯ ಮೇಲಿನ 'ಬಾರ್ಶಿ ಲೈಟ್' ಎಂಬ ಮಾತು. ಮೊದಲೆರಡನ್ನು ಸರಕಾರ ಕಾಯ್ದೀತು. ಮೂರನೆಯದನ್ನು ಕಾಯುವವರು ಯಾರು? ಗಡಿಯ ಸಂಗತಿಗಳಿಗೆ ಒಂದು ದುರದೃಷ್ಟವಿದೆ: ಮರಾಠಿಯ ಚರಿತ್ರೆಗೆ ಇವು ಅಂಚು, ಕನ್ನಡದ ಚರಿತ್ರೆಗೂ ಅಂಚು. ಬಂಡಿಯೊಳಗೆ ಎರಡೂ ಭಾಷೆಗಳ ಜನ ಒಂದೇ ಹಲಗೆಯ ಮೇಲೆ ಕುಳಿತಿದ್ದರು. ಆ ನೆನಪನ್ನು ಬರೆದಿಡಲು ಮಾತ್ರ ಎರಡೂ ಕಡೆಯವರು ಕೈ ಹಾಕಿದ್ದು ಕಡಿಮೆ.

ಶಿಕ್ಷಕಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಪ್ರತಿ ಶಾಲೆಯಲ್ಲಿಯೂ ಒಂದು ವಹಿಯನ್ನು ತೆರೆಯಿರಿ. ಆ ಬಂಡಿಯಲ್ಲಿ ಕುಳಿತಿದ್ದ ಅಜ್ಜ-ಅಜ್ಜಿಯರ ಮಾತನ್ನು ಅವರಾಡಿದ ಭಾಷೆಯಲ್ಲಿಯೇ ಮಕ್ಕಳು ಬರೆದು ತರಲಿ. ತಿಕೀಟು, ಹಳೆಯ ಛಾಯಾಚಿತ್ರ ಸಿಕ್ಕರೆ ಅದರೊಡನೆ ಅಂಟಿಸಲಿ. ಆ ಪೀಳಿಗೆ ದಿನದಿನಕ್ಕೆ ಕರಗುತ್ತಿದೆ. ಈ ಕೆಲಸಕ್ಕೆ ಕಟ್ಟಡವೂ ಬೇಡ, ಅನುದಾನವೂ ಬೇಡ. ವಿಳಂಬ ಮಾತ್ರ ಸಲ್ಲದು.