ಜೀಪಿನ ರೇಡಿಯೇಟರಿಗೆ ವಿದ್ಯುತ್ ಫ್ಯಾನು: ತಂತಿ ಜೋಡಣೆಯ ಸರಿಯಾದ ಕ್ರಮ

ಮಲೆನಾಡಿನ ಸಣ್ಣ ಹಿಡುವಳಿದಾರನಿಗೆ ಜೀಪು ಷೋಕಿಯ ವಸ್ತುವಲ್ಲ. ತೋಟಕ್ಕೆ ಗೊಬ್ಬರ ಬರುವುದು ಅದರಲ್ಲಿ, ಕಾಫಿ ಚೀಲ ಕ್ಯೂರಿಂಗ್ ವರ್ಕ್ಸಿಗೆ ಹೋಗುವುದು ಅದರಲ್ಲಿ, ಅಡಿಕೆ ಮಂಡಿಗೆ ಇಳಿಯುವುದೂ ಅದರಲ್ಲೇ. ನಡುರಾತ್ರಿ ಮನೆಯಲ್ಲಿ ಯಾರಿಗಾದರೂ ಎದೆನೋವು ಕಾಣಿಸಿಕೊಂಡರೆ ಆಸ್ಪತ್ರೆ ಮುಟ್ಟಿಸಬೇಕಾದದ್ದೂ ಅದೇ. ಅಂಥ ಗಾಡಿ ಚಾರ್ಮಾಡಿಯ ತಿರುವಿನಲ್ಲೋ ಸಂಪಾಜೆಯ ಏರಿನಲ್ಲೋ ನೀರು ಕುದಿದು ನಿಂತರೆ ಆಗುವ ನಷ್ಟ ಹೆಡ್ ಗ್ಯಾಸ್ಕೆಟ್ಟಿನ ಬೆಲೆಯೊಂದೇ ಅಲ್ಲ.

ಇದಕ್ಕೆ ಪರಿಹಾರವೆಂದು ಹಲವು ಬೆಳೆಗಾರರು ತಮ್ಮ ಹಳೆಯ ಡೀಸೆಲ್ ಜೀಪುಗಳಲ್ಲಿ ಬೆಲ್ಟಿನಿಂದ ತಿರುಗುವ ಫ್ಯಾನನ್ನು ತೆಗೆದು ವಿದ್ಯುತ್ ಫ್ಯಾನು ಹಾಕಿಸುತ್ತಿದ್ದಾರೆ. ಕ್ರಮವಾಗಿ ಮಾಡಿದರೆ ಇದು ಒಳ್ಳೆಯ ಕೆಲಸವೇ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಇಲ್ಲಿ ಫ್ಯಾನಿಗಿಂತ ತಂತಿ ಮುಖ್ಯ. ಬೆಲ್ಟಿನ ಫ್ಯಾನು ಕೈಕೊಡುವ ಮೊದಲು ಕಿರುಗುಟ್ಟಿ ಎಚ್ಚರಿಸುವುದುಂಟು. ವಿದ್ಯುತ್ ಫ್ಯಾನು ಸದ್ದಿಲ್ಲದೆ ನಿಲ್ಲುತ್ತದೆ. ಅದು ನಿಂತದ್ದು ನಮಗೆ ತಿಳಿಯುವ ಹೊತ್ತಿಗೆ ಬಾನೆಟ್ಟಿನಿಂದ ಆವಿ ಏಳುತ್ತಿರುತ್ತದೆ.

ಮೊದಲು ನೋಡಬೇಕಾದದ್ದು

ನೀರು ಕುದಿಯುವುದಕ್ಕೆಲ್ಲ ಫ್ಯಾನೇ ಕಾರಣವಲ್ಲ. ರೇಡಿಯೇಟರಿನ ರೆಕ್ಕೆಗಳಲ್ಲಿ ಕೆಸರು, ಹುಲ್ಲಿನ ಬೀಜ ತುಂಬಿಕೊಂಡಿದ್ದರೆ, ಒಳಗಿನ ಕೊಳವೆಗಳು ತುಕ್ಕಿನಿಂದ ಮುಚ್ಚಿಹೋಗಿದ್ದರೆ, ಥರ್ಮೋಸ್ಟಾಟು ಅಂಟಿಕೊಂಡಿದ್ದರೆ, ಎಂಥ ಫ್ಯಾನು ಹಾಕಿದರೂ ಪ್ರಯೋಜನವಿಲ್ಲ.

ರೇಡಿಯೇಟರಿನ ಮುಚ್ಚಳವನ್ನೂ ಅಲಕ್ಷಿಸಬಾರದು. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು 1000 ಮೀಟರ್ ಎತ್ತರದ ನಮ್ಮ ಕಾಫಿ ಸೀಮೆಯಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳವು ಒಳಗಿನ ಒತ್ತಡವನ್ನು ಹಿಡಿದಿಟ್ಟರೆ ಪ್ರತಿ ಪೌಂಡ್ ಒತ್ತಡಕ್ಕೆ ಕುದಿಬಿಂದು ಒಂದೂವರೆ ಡಿಗ್ರಿಗೂ ಮಿಕ್ಕಿ ಮೇಲೇರುತ್ತದೆ. 7 ಪೌಂಡಿನ ಮುಚ್ಚಳ ಸರಿಯಿದ್ದರೆ ಹತ್ತು ಡಿಗ್ರಿಗೂ ಹೆಚ್ಚು ಅಂತರ ಸಿಕ್ಕಿತೆಂದು ಲೆಕ್ಕ. ಮುಚ್ಚಳದ ರಬ್ಬರು ಹರಿದಿದ್ದರೆ ಆ ಅಂತರ ಹೋಯಿತು. 92 ಡಿಗ್ರಿಗೆ ಫ್ಯಾನು ತಿರುಗತೊಡಗಿದರೂ ಕುದಿಯಲು ಬಾಕಿ ಉಳಿಯುವುದು ಐದೇ ಡಿಗ್ರಿ!

ಇನ್ನು ಫ್ಯಾನಿನ ಆಯ್ಕೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿನಲ್ಲಿ ಎಂಜಿನ್ನು ಅಡ್ಡಲಾಗಿ ಕೂತಿತ್ತು. ಬೆಲ್ಟಿನ ಫ್ಯಾನು ರೇಡಿಯೇಟರಿಗೆ ಮುಖ ಮಾಡುವಂತಿರಲಿಲ್ಲವಾದ್ದರಿಂದ ಅದಕ್ಕೆ ವಿದ್ಯುತ್ ಫ್ಯಾನೇ ಗತಿ. ಆದರೆ ಅದು 796 ಸಿ.ಸಿ. ಎಂಜಿನ್ನಿಗೆ ತಕ್ಕ ಫ್ಯಾನು. ಅಗ್ಗಕ್ಕೆ ಸಿಕ್ಕಿತೆಂದು ಅದನ್ನೇ ತಂದು 2 ಲೀಟರಿಗೆ ಮಿಕ್ಕಿದ ಡೀಸೆಲ್ ಎಂಜಿನ್ನಿನ ಮುಂದೆ ಕಟ್ಟಿ, ಹತ್ತು ಚೀಲ ಹೇರಿ ಘಾಟಿ ಹತ್ತಿಸುವುದು ಸಲ್ಲದು. ರೇಡಿಯೇಟರಿನ ಬಹುಭಾಗವನ್ನು ಆವರಿಸುವ, ಸುತ್ತ ತಗಡಿನ ಹೊದಿಕೆಯಿರುವ, ಹಿಂದಿನಿಂದ ಗಾಳಿ ಎಳೆಯುವ ಫ್ಯಾನೇ ಬೇಕು. ಭಾರ ಹೇರಿ ನಿಧಾನವಾಗಿ ಏರು ಹತ್ತುವುದೇ ನಿಮ್ಮ ಗಾಡಿಯ ನಿತ್ಯದ ಕೆಲಸವಾಗಿದ್ದು ಬೆಲ್ಟಿನ ಫ್ಯಾನು ಹೊದಿಕೆ ಸಮೇತ ಸುಸ್ಥಿತಿಯಲ್ಲಿದ್ದರೆ ಅದನ್ನು ಬದಲಿಸದಿರುವುದೇ ಮೇಲು.

ಹಳೆಯ ಫ್ಯಾನು ತೆಗೆದಾಗ ಬೆಲ್ಟನ್ನು ತೆಗೆಯಬಾರದು. ನೀರಿನ ಪಂಪು, ಡೈನಮೋ ತಿರುಗುವುದು ಅದರಿಂದಲೇ. ಹಲವು ಎಂಜಿನ್ನುಗಳಲ್ಲಿ ಫ್ಯಾನಿನ ಬೋಲ್ಟುಗಳೇ ಪಂಪಿನ ಪುಲ್ಲಿಯನ್ನೂ ಹಿಡಿದಿರುತ್ತವೆ. ಫ್ಯಾನಿನ ದಪ್ಪ ಹೋದ ಮೇಲೆ ಅದೇ ಬೋಲ್ಟು ಉದ್ದವಾಗಿ ಪುಲ್ಲಿ ಸಡಿಲಾಗುವುದರಿಂದ ಗಿಡ್ಡ ಬೋಲ್ಟನ್ನೋ ತಕ್ಕ ದಪ್ಪದ ವಾಷರನ್ನೋ ಹಾಕತಕ್ಕದ್ದು.

ತಂತಿ ಏಕೆ ದಪ್ಪವಿರಬೇಕು?

ಜೀಪಿಗೆ ಹಾಕುವ ಫ್ಯಾನು 12 ವೋಲ್ಟಿನಲ್ಲಿ ಸಾಮಾನ್ಯವಾಗಿ 10ರಿಂದ 20 ಆಂಪಿಯರ್ ಎಳೆಯುತ್ತದೆ. ತಿರುಗಲು ಹೊರಟ ಕ್ಷಣದಲ್ಲಿ ಇದರ ಎರಡು ಮೂರು ಪಟ್ಟು ಎಳೆಯುವುದೂ ಉಂಟು. ಇಷ್ಟು ಪ್ರವಾಹವನ್ನು ಡ್ಯಾಷ್‌ಬೋರ್ಡಿನ ಸಣ್ಣ ಸ್ವಿಚ್ಚಿನ ಮೂಲಕ, ದೀಪಕ್ಕೆ ಹಾಕುವ ತೆಳು ತಂತಿಯಲ್ಲಿ ಹರಿಸಿದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡೋಣ. ಬ್ಯಾಟರಿಯಿಂದ ಡ್ಯಾಷ್‌ಬೋರ್ಡಿಗೆ, ಅಲ್ಲಿಂದ ಮತ್ತೆ ಮುಂದಕ್ಕೆ ಫ್ಯಾನಿಗೆ ಒಟ್ಟು 6 ಮೀಟರ್ ತಂತಿ ಎನ್ನಿ. 1 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 15 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 1.6 ವೋಲ್ಟ್ ನಷ್ಟವಾಗುತ್ತದೆ. ಫ್ಯಾನಿನ ವೇಗ ಕುಂದುತ್ತದೆ. ಸುಮಾರು 24 ವಾಟ್ ಶಾಖ ತಂತಿಯಲ್ಲೇ ಹುಟ್ಟುತ್ತದೆ. ಅದೇ ಉದ್ದದ 4 ಚದರ ಮಿಲಿಮೀಟರ್ ತಂತಿಯಲ್ಲಿ ನಷ್ಟ 0.4 ವೋಲ್ಟ್ ಮಾತ್ರ. ತೆಳು ತಂತಿಗೆ ಫ್ಯೂಸೂ ಇಲ್ಲದೆ ಎಲ್ಲಾದರೂ ತಗಡಿಗೆ ಉಜ್ಜಿ ಹರಿದರೆ ಇಡೀ ಬ್ಯಾಟರಿಯ ಶಕ್ತಿ ಅದರಲ್ಲಿ ಹರಿದು ಗಾಡಿಗೆ ಬೆಂಕಿ ಹತ್ತಬಹುದು.

ಆದ್ದರಿಂದ ಭಾರಿ ಪ್ರವಾಹಕ್ಕೆ ಒಂದು ಗಿಡ್ಡ, ದಪ್ಪ ದಾರಿ. ಅಪ್ಪಣೆ ಕೊಡುವುದಕ್ಕೆ ಒಂದು ತೆಳು ದಾರಿ. ಎರಡನ್ನೂ ಕೂಡಿಸುವುದೇ ರಿಲೇ. ಮೇಸ್ತ್ರಿ ಕೂಗಿ ಹೇಳುತ್ತಾನೆ, ಮೂಟೆ ಹೊರುವವರು ಬೇರೆ, ಹಾಗೆಯೇ ಇದು. ರಿಲೇಯ ಸುರುಳಿಗೆ ಬೇಕಾಗುವುದು 0.2 ಆಂಪಿಯರಿಗೂ ಕಡಿಮೆ.

ಬೇಕಾಗುವ ಸಾಮಾನು

12 ವೋಲ್ಟಿನ, 30 ಅಥವಾ 40 ಆಂಪಿಯರಿನ ರಿಲೇ ಮತ್ತು ಅದರ ಸಾಕೆಟ್ಟು, ಮುಚ್ಚಳವಿರುವ ಫ್ಯೂಸ್ ಹೋಲ್ಡರು, ಉಷ್ಣ ಸ್ವಿಚ್ಚು, 4 ಚದರ ಮಿಲಿಮೀಟರಿನ ಮತ್ತು 1 ಚದರ ಮಿಲಿಮೀಟರಿನ ವಾಹನದ ತಂತಿ, ಒತ್ತಿ ಕೂರಿಸುವ ಟರ್ಮಿನಲ್ಲುಗಳು, ತಂತಿಗೆ ತೊಡಿಸಲು ಸುಕ್ಕುಕೊಳವೆ. ಮನೆಯ ವೈರಿಂಗಿನಲ್ಲಿ ಮಿಕ್ಕ ಒಂಟಿ ಎಳೆಯ ತಂತಿಯನ್ನು ಖಂಡಿತ ಬಳಸಬಾರದು. ಗಾಡಿಯ ಕುಲುಕಾಟಕ್ಕೆ ಅದು ಒಳಗೇ ತುಂಡಾಗುತ್ತದೆ. ಹಲವು ಸಣ್ಣ ಎಳೆಗಳ ತಂತಿಯೇ ಆಗಬೇಕು.

ಫ್ಯೂಸು ಕಾಯುವುದು ಫ್ಯಾನನ್ನಲ್ಲ, ತಂತಿಯನ್ನು. ಫ್ಯಾನು ಎಳೆಯುವುದು 10–12 ಆಂಪಿಯರಾದರೆ 20ರ ಫ್ಯೂಸು, 15–20 ಆದರೆ 30ರ ಫ್ಯೂಸು ಸಾಕು. ಪದೇಪದೇ ಸುಟ್ಟಿತೆಂದು ಬೆಳ್ಳಿಕಾಗದ ಸುತ್ತುವುದು ಮನೆಗೆ ಬೀಗ ಹಾಕಿ ಬೀಗದಕೈಯನ್ನು ಬಾಗಿಲಲ್ಲೇ ಬಿಟ್ಟಂತೆ.

ಜೋಡಿಸುವ ಕ್ರಮ

ಈ ಕ್ರಮ 12 ವೋಲ್ಟಿನ, ಋಣ ತುದಿ ಚಾಸಿಗೆ ಸೇರಿರುವ ಗಾಡಿಗಳಿಗೆ ಮಾತ್ರ. ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ಋಣ ತುದಿಯನ್ನು ಕಳಚಿಡಿ. ರಿಲೇಯ ಕಾಲುಗಳ ಮೇಲೆ ಅಂಕಿಗಳಿರುತ್ತವೆ. ಅವನ್ನು ನೋಡಿಕೊಂಡೇ ಜೋಡಿಸಬೇಕು.

1. ಬ್ಯಾಟರಿಯ ಧನ ತುದಿಯಿಂದ ದಪ್ಪ ತಂತಿ ಹೊರಟು, ಒಂದು ಗೇಣಿನೊಳಗೇ ಫ್ಯೂಸನ್ನು ಹಾಯ್ದು, ರಿಲೇಯ 30ನೇ ಕಾಲಿಗೆ ಬರಲಿ. ಫ್ಯೂಸು ದೂರವಾದಷ್ಟೂ ಅದಕ್ಕೆ ಮೊದಲಿನ ತಂತಿ ಕಾವಲಿಲ್ಲದೆ ಉಳಿಯುತ್ತದೆ.

2. 87ನೇ ಕಾಲಿನಿಂದ ದಪ್ಪ ತಂತಿ ಫ್ಯಾನಿನ ಧನ ತುದಿಗೆ ಹೋಗಲಿ. ಐದು ಕಾಲಿನ ರಿಲೇಯಲ್ಲಿ ನಡುವೆ 87ಎ ಎಂಬುದೊಂದಿರುತ್ತದೆ. ರಿಲೇ ಸುಮ್ಮನಿರುವಾಗ ಪ್ರವಾಹ ಬರುವ ಕಾಲು ಅದು. ಅದನ್ನು ಖಾಲಿ ಬಿಡಬೇಕು.

3. ಫ್ಯಾನಿನ ಋಣ ತುದಿಯಿಂದ ಅಷ್ಟೇ ದಪ್ಪದ ತಂತಿಯನ್ನು ಚಾಸಿಗೆ, ಸಾಧ್ಯವಾದರೆ ನೇರ ಬ್ಯಾಟರಿಯ ಋಣ ತುದಿಗೆ ಒಯ್ಯಿರಿ. ಚಾಸಿಗಾದರೆ ಬಣ್ಣ, ತುಕ್ಕು ಕೆರೆದು ಲೋಹ ಹೊಳೆಯುವಂತೆ ಮಾಡಿ ಬೋಲ್ಟು ಬಿಗಿದು ಮೇಲೆ ಗ್ರೀಸು ಸವರಿ. ಹೋಗುವ ದಾರಿ ಎಷ್ಟು ಮುಖ್ಯವೋ ಮರಳುವ ದಾರಿಯೂ ಅಷ್ಟೇ ಮುಖ್ಯ.

4. ಇಗ್ನಿಷನ್ ಕೀ ತಿರುಗಿಸಿದಾಗ ಮಾತ್ರ ಜೀವ ಬರುವ ತಂತಿಯೊಂದನ್ನು 5 ಆಂಪಿಯರ್ ಫ್ಯೂಸಿನ ಮೂಲಕ 86ನೇ ಕಾಲಿಗೆ ಕೊಡಿ. ಡಯೋಡ್ ಗುರುತಿರುವ ರಿಲೇಯಾದರೆ 85–86ನ್ನು ಅದಲುಬದಲು ಮಾಡಲೇಬಾರದು.

5. 85ನೇ ಕಾಲಿನಿಂದ ತೆಳು ತಂತಿ ಉಷ್ಣ ಸ್ವಿಚ್ಚಿಗೆ ಹೋಗಲಿ. ಸ್ವಿಚ್ಚು ಬಿಸಿಯಾದಾಗ ಆ ತಂತಿಯನ್ನು ಚಾಸಿಗೆ ಕೂಡಿಸುತ್ತದೆ, ರಿಲೇ ಎಳೆಯುತ್ತದೆ, ಫ್ಯಾನು ತಿರುಗುತ್ತದೆ.

6. ಅದೇ 85ರಿಂದ ಇನ್ನೊಂದು ತೆಳು ತಂತಿಯನ್ನು ಡ್ಯಾಷ್‌ಬೋರ್ಡಿನ ಕೈಸ್ವಿಚ್ಚಿಗೆ, ಅಲ್ಲಿಂದ ಚಾಸಿಗೆ ಒಯ್ಯಿರಿ. ಉಷ್ಣ ಸ್ವಿಚ್ಚು ಕೆಟ್ಟ ದಿನ ಇದನ್ನು ಒತ್ತಿ ಮನೆ ಸೇರಬಹುದು.

ಹೀಗೆ ಅಪ್ಪಣೆಯ ದಾರಿಯನ್ನು ಚಾಸಿಯ ಕಡೆಗಿಡುವುದರಲ್ಲಿ ಒಂದು ಲಾಭವಿದೆ. 85ರ ತಂತಿ ಎಲ್ಲಾದರೂ ಸುಲಿದು ತಗಡಿಗೆ ತಾಗಿದರೆ ಫ್ಯೂಸು ಹೋಗುವುದಿಲ್ಲ, ಫ್ಯಾನು ತಿರುಗುತ್ತಲೇ ಇರುತ್ತದೆ.

ಉಷ್ಣ ಸ್ವಿಚ್ಚಿನ ವಿಷಯ

ಸ್ವಿಚ್ಚಿನ ಮೇಲೆ 92–87 ಎಂಬಂಥ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಫ್ಯಾನು ಹೊರಡುವ ಉಷ್ಣತೆ, ಎರಡನೆಯದು ನಿಲ್ಲುವ ಉಷ್ಣತೆ. ಹೊರಡುವ ಅಂಕಿ ನಿಮ್ಮ ಥರ್ಮೋಸ್ಟಾಟು ತೆರೆಯುವ ಉಷ್ಣತೆಗಿಂತ ಮೇಲಿರಬೇಕು. ಇಲ್ಲವಾದರೆ ಫ್ಯಾನಿಗೆ ಬಿಡುವೇ ಇರುವುದಿಲ್ಲ.

ರೇಡಿಯೇಟರಿನಲ್ಲಿ ಜಾಗವಿಲ್ಲದಾಗ ರಬ್ಬರ್ ಹೋಸನ್ನು ಕತ್ತರಿಸಿ ನಡುವೆ ಲೋಹದ ತುಂಡೊಂದನ್ನಿಟ್ಟು ಅದಕ್ಕೆ ಸ್ವಿಚ್ಚು ಕೂರಿಸುತ್ತಾರೆ. ಒಂದೇ ಕಾಲಿನ ಸ್ವಿಚ್ಚಾದರೆ ಇಲ್ಲೊಂದು ತೊಡಕಿದೆ. ಎರಡೂ ಕಡೆ ರಬ್ಬರಿರುವುದರಿಂದ ಆ ಲೋಹಕ್ಕೆ ಚಾಸಿಯ ಸಂಪರ್ಕವೇ ಇರುವುದಿಲ್ಲ. ಅದರಿಂದ ಚಾಸಿಗೆ ಪ್ರತ್ಯೇಕ ತಂತಿ ಎಳೆಯದಿದ್ದರೆ ಸ್ವಿಚ್ಚು ಎಷ್ಟು ಬಿಸಿಯಾದರೂ ಫ್ಯಾನು ಅಲುಗದು. ಎಷ್ಟೋ ವೇಳೆ ಕೆಟ್ಟದ್ದೆಂದು ಬಿಸಾಡಿದ ಸ್ವಿಚ್ಚಿನಲ್ಲಿ ದೋಷವೇ ಇರುವುದಿಲ್ಲ, ಕಾರಣ ಇದೇ.

ಹೊಳೆ, ಹಳ್ಳ ದಾಟುವಾಗ

ಮಳೆಗಾಲದಲ್ಲಿ ತೋಟದ ದಾರಿಯ ಹಳ್ಳ ದಾಟುವವರಿಗೆ ವಿದ್ಯುತ್ ಫ್ಯಾನಿನಿಂದ ದೊಡ್ಡ ಅನುಕೂಲವಿದೆ. ಬೆಲ್ಟಿನ ಫ್ಯಾನು ನೀರನ್ನು ಎಂಜಿನ್ನಿನ ಮೇಲೆಲ್ಲ ಎರಚುತ್ತದೆ. ಅದರ ಅಲಗುಗಳು ನೀರಿಗೆ ಸಿಕ್ಕಿ ಮುಂದಕ್ಕೆ ಬಾಗಿ ರೇಡಿಯೇಟರನ್ನೇ ಕೊರೆಯುವುದುಂಟು. 86ರ ತಂತಿಯಲ್ಲಿ ಒಂದು ನಿಲುಗಡೆ ಸ್ವಿಚ್ಚು ಇಟ್ಟುಕೊಂಡರೆ ಹಳ್ಳಕ್ಕಿಳಿಯುವ ಮುನ್ನ ಫ್ಯಾನನ್ನು ನಿಲ್ಲಿಸಬಹುದು. ಆದರೆ ದಾಟಿದ ಮೇಲೆ ಅದನ್ನು ಮತ್ತೆ ಹಾಕಲು ಮರೆಯಬಾರದು. ಈ ಸ್ವಿಚ್ಚಿಗೆ ಕೆಂಪು ಬಣ್ಣ ಬಳಿದಿಡುವುದು ಒಳ್ಳೆಯದು.

87ರಿಂದ 2 ಆಂಪಿಯರ್ ಫ್ಯೂಸಿನ ಮೂಲಕ ಡ್ಯಾಷ್‌ಬೋರ್ಡಿಗೊಂದು ಸಣ್ಣ ದೀಪ ಕೊಟ್ಟರೆ ಫ್ಯಾನಿಗೆ ವಿದ್ಯುತ್ ಹೋಗುತ್ತಿದೆಯೆಂದು ತಿಳಿಯುತ್ತದೆ. ಮೋಟಾರು ಸುಟ್ಟಿದ್ದರೂ ದೀಪ ಉರಿಯುತ್ತದೆಂಬುದನ್ನು ನೆನಪಿಡಿ. ಕೊನೆಗೆ ನಂಬಬೇಕಾದದ್ದು ಉಷ್ಣತೆಯ ಮುಳ್ಳನ್ನೇ. ಅದು ಕೆಟ್ಟಿದ್ದರೆ ಮೊದಲು ಅದನ್ನು ಸರಿಪಡಿಸಿಕೊಂಡು ಆಮೇಲೆ ಫ್ಯಾನಿನ ಮಾತು.

ಡೈನಮೋ ಇರುವ ಗಾಡಿಗಳು

ಮಳೆಯ ರಾತ್ರಿ ಹೆಡ್‌ಲೈಟಿಗೆ ಸುಮಾರು 10 ಆಂಪಿಯರ್, ವೈಪರಿಗೆ 3–4, ಫ್ಯಾನಿಗೆ 12. ಒಟ್ಟು 25ರ ಹತ್ತಿರವಾಯಿತು. ಹಲವು ಹಳೆಯ ಡೈನಮೋಗಳು 22 ಆಂಪಿಯರಿಗಿಂತ ಹೆಚ್ಚು ಕೊಡಲಾರವು. ಎಂಜಿನ್ನು ನಿಧಾನವಾಗಿ ಓಡುವಾಗ ಬಹುಮಟ್ಟಿಗೆ ಏನೂ ಕೊಡುವುದಿಲ್ಲ. ಕೊರತೆಯನ್ನು ಬ್ಯಾಟರಿಯೇ ತುಂಬಬೇಕಾಗುತ್ತದೆ. ಅಂಥ ಗಾಡಿಯವರು ಮೊದಲು ಆಲ್ಟರ್ನೇಟರ್ ಹಾಕಿಸಿಕೊಳ್ಳುವುದು ಕ್ಷೇಮ. ಹಳೆಯ ಡೀಸೆಲ್ ಗಾಡಿಗಳಲ್ಲಿ ಎಂಜಿನ್ನನ್ನು ಗುಬಟು ಎಳೆದು ನಿಲ್ಲಿಸುವ ರೂಢಿ. ಗುಬಟು ಎಳೆದು ಕೀಯನ್ನು ಹಾಗೇ ಬಿಟ್ಟರೆ, ಕೈಸ್ವಿಚ್ಚೂ ಒತ್ತಿದ್ದರೆ, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದು.

ಇತ್ತೀಚಿನ ವಾಹನಗಳಲ್ಲಿ ಫ್ಯಾನನ್ನು ಗಣಕವೇ ನಡೆಸುತ್ತದೆ. ಅವುಗಳ ತಂತಿಗೆ ನಾವು ಕತ್ತರಿ ಹಾಕದಿರುವುದೇ ಲೇಸು.

ಪರೀಕ್ಷೆ ಮತ್ತು ಪಾಲನೆ

ಜೋಡಣೆ ಮುಗಿದು ಬ್ಯಾಟರಿ ಕೂಡಿಸಿದ ಮೇಲೆ ಕೀ ತಿರುಗಿಸಿ ಕೈಸ್ವಿಚ್ಚು ಒತ್ತಿ. ರೇಡಿಯೇಟರಿನ ಮುಂಭಾಗಕ್ಕೆ ಒಂದು ಹಾಳೆ ಕಾಗದ ಹಿಡಿಯಿರಿ. ಕಾಗದ ಅಂಟಿಕೊಂಡರೆ ಗಾಳಿಯ ದಿಕ್ಕು ಸರಿ. ಹಾರಿಹೋದರೆ ಫ್ಯಾನಿನ ಎರಡು ತಂತಿಗಳು ಅದಲುಬದಲಾಗಿವೆ. ಅನಂತರ ಕೈಸ್ವಿಚ್ಚು ಬಿಟ್ಟು ಎಂಜಿನ್ನನ್ನು ನಿಂತಲ್ಲೇ ಓಡಿಸಿ, ಫ್ಯಾನು ತಾನಾಗಿ ಹೊರಟು ತಾನಾಗಿ ನಿಲ್ಲುವುದನ್ನು ಎರಡು ಸಲವಾದರೂ ಕಾದು ನೋಡಿ. ಹತ್ತು ನಿಮಿಷ ತಿರುಗಿದ ಬಳಿಕ ತಂತಿಯನ್ನೂ ಫ್ಯೂಸ್ ಹೋಲ್ಡರನ್ನೂ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ; ಕೈ ಇಡಲಾಗದಷ್ಟು ಬಿಸಿಯಾದರೆ ಜೋಡಣೆ ಸಡಿಲವಿದೆ ಅಥವಾ ತಂತಿ ಸಾಲದು. ಫ್ಯಾನು ಯಾವ ಕ್ಷಣದಲ್ಲಾದರೂ ತಿರುಗಬಹುದಾದ್ದರಿಂದ ಕೀ ತೆಗೆಯದೆ ಅದರ ಬಳಿ ಕೈ ಹಾಕಬಾರದು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನಂತೂ ತೆರೆಯಲೇಬಾರದು.

ರಿಲೇಯನ್ನು ಕಾಲುಗಳು ಕೆಳಮುಖವಾಗುವಂತೆ, ನೀರು ಸಿಡಿಯದ ಎತ್ತರದಲ್ಲಿ ಕೂರಿಸಿ. ನಮ್ಮ ಕಡೆ ತೇವದಷ್ಟೇ ಕಾಟ ಇಲಿಯದ್ದು. ಕೊಟ್ಟಿಗೆಯಲ್ಲಿ ವಾರಗಟ್ಟಲೆ ನಿಂತ ಜೀಪಿನ ತಂತಿಯನ್ನು ಅವು ಬಿಡುವುದಿಲ್ಲ. ಮೇ ತಿಂಗಳಲ್ಲಿ ಮಳೆಗೆ ಮುನ್ನ ಒಮ್ಮೆ, ನವೆಂಬರಿನಲ್ಲಿ ಕೊಯ್ಲಿಗೆ ಮುನ್ನ ಒಮ್ಮೆ ಟರ್ಮಿನಲ್ಲುಗಳನ್ನು ಬಿಚ್ಚಿ ಹಸಿರು ಕಿಲುಬನ್ನು ಒರೆಸಿ ಕೂರಿಸಿ; ತಂತಿಯುದ್ದಕ್ಕೂ ಕಣ್ಣು ಹಾಯಿಸಿ. ಒಂದು ಹೆಚ್ಚುವರಿ ರಿಲೇ, ನಾಲ್ಕು ಫ್ಯೂಸು ಗಾಡಿಯಲ್ಲೇ ಇರಲಿ.

ಈ ಕೆಲಸವನ್ನು ತಾವೇ ಮಾಡಲಾಗದವರು ಊರಿನ ಎಲೆಕ್ಟ್ರಿಷಿಯನ್ನರಿಂದ ಮಾಡಿಸಬಹುದು. ಆಗಲೂ ಮೂರು ಪ್ರಶ್ನೆಗಳನ್ನು ಕೇಳದೆ ಹಣ ಕೊಡಬೇಡಿ: ಫ್ಯೂಸು ಬ್ಯಾಟರಿಯ ಹತ್ತಿರ ಇದೆಯೇ? ರಿಲೇ ಹಾಕಿದೆಯೇ? ಚಾಸಿಯ ಸಂಪರ್ಕ ಕೆರೆದ ಲೋಹಕ್ಕೆ ಬಿಗಿದಿದೆಯೇ? ಮೂರಕ್ಕೂ ಕೈಯಿಟ್ಟು ತೋರಿಸಿದರೆ ಆ ಜೀಪನ್ನು ನಂಬಿ ಘಾಟಿ ಹತ್ತಿಸಬಹುದು.