ಹವಳದ ತೊಟ್ಟಿಗೆ ಇನ್ನೊಂದು ಯಂತ್ರ ಬೇಕೆ?

ಗಾಜಿನ ತೊಟ್ಟಿಯಲ್ಲಿ ನಾಲ್ಕು ಗೋಲ್ಡ್‌ಫಿಷ್ ಬಿಟ್ಟುಕೊಂಡರೆ ಅದು ಹವ್ಯಾಸ. ಅದೇ ತೊಟ್ಟಿಗೆ ಉಪ್ಪುನೀರು ತುಂಬಿ ಜೀವಂತ ಹವಳ ಬೆಳೆಸಲು ಹೊರಟರೆ ಅದು ಸಂಸಾರ! ಬೆಳಕು ಹೆಚ್ಚಾದರೆ ಹವಳಕ್ಕೆ ಮುನಿಸು, ಕಡಿಮೆಯಾದರೂ ಮುನಿಸು. ನೀರು ಎರಡು ಡಿಗ್ರಿ ಹೆಚ್ಚು ಬಿಸಿಯಾದರೆ ಬಣ್ಣವೇ ಹೋಗಿಬಿಡಬಹುದು. ಹಾಗಾಗಿ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಯಂತ್ರಗಳು ಒಂದೊಂದಾಗಿ ಸೇರಿಕೊಳ್ಳುತ್ತವೆ. ನೀರು ತಿರುಗಿಸಲು ಪಂಪು, ನೊರೆಯ ಜತೆ ಕೊಳೆ ಎತ್ತಲು ಸ್ಕಿಮ್ಮರ್, ನೀರು ತಣ್ಣಗಿಡಲು ಚಿಲ್ಲರ್. ಇಷ್ಟೆಲ್ಲ ಇದ್ದರೂ ಒಂದು ದಿನ ಗಾಜಿನ ಮೇಲೆ ಹಸಿರು ಪೊರೆ ಕಟ್ಟುತ್ತದೆ. ಕಲ್ಲಿನ ಮೇಲೆ ಕೂದಲಿನಂಥ ಪಾಚಿ ಏಳುತ್ತದೆ. ನೇರಳೆ ಬಣ್ಣದ ಹವಳ ಮಂಕಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ಸಲಹೆ ಬರುತ್ತದೆ: ‘ಒಂದು ಮೀಡಿಯಾ ರಿಯಾಕ್ಟರ್ ಹಾಕಿಬಿಡಿ ಸಾರ್, ಎಲ್ಲ ಸರಿಹೋಗುತ್ತೆ.’

ಹಾಕಬೇಕೆ, ಬೇಡವೆ? ಇದು ಬರೀ ದುಡ್ಡಿನ ಪ್ರಶ್ನೆಯಲ್ಲ. ಉತ್ತರ ತಪ್ಪಿದರೆ ವರ್ಷಗಟ್ಟಲೆ ಬೆಳೆದ ಹವಳ ಕೆಲವೇ ವಾರಗಳಲ್ಲಿ ಬಿಳಿ ಎಲುಬಾಗಿ ನಿಲ್ಲಬಹುದು.

ಕೊಳವೆಯೊಳಗೆ ತುಕ್ಕು

ಹೆಸರು ಕೇಳಿ ಕೈಗಾದ ಅಣು ಸ್ಥಾವರ ನೆನಪಿಸಿಕೊಳ್ಳಬೇಕಿಲ್ಲ. ಮೀಡಿಯಾ ರಿಯಾಕ್ಟರ್ ಎಂದರೆ ಒಂದು ಪ್ಲಾಸ್ಟಿಕ್ ಕೊಳವೆ, ಅಷ್ಟೇ. ಸಣ್ಣ ಪಂಪು ತೊಟ್ಟಿಯ ನೀರನ್ನು ಅದರ ತಳದಿಂದ ಮೇಲಕ್ಕೆ ನೂಕುತ್ತದೆ. ಒಳಗೆ ತುಂಬಿದ ಹರಳುಗಳ ನಡುವೆ ನುಸುಳಿ ನೀರು ತೊಟ್ಟಿಗೆ ಮರಳುತ್ತದೆ. ಆ ಹರಳಿಗೇ ‘ಮೀಡಿಯಾ’ ಎಂಬ ದೊಡ್ಡ ಹೆಸರು.

ಏನು ತುಂಬುತ್ತೀರಿ ಎಂಬುದರ ಮೇಲೆ ಕೆಲಸ ನಿಂತಿದೆ. ಇದ್ದಿಲಿನ ಹರಳು ತುಂಬಿದರೆ ನೀರಿನ ಹಳದಿ ಛಾಯೆ ಹೋಗುತ್ತದೆ. ಒಂದು ಹವಳ ಇನ್ನೊಂದರ ಮೇಲೆ ಬಿಡುವ ವಿಷವನ್ನೂ ಇದ್ದಿಲು ಹೀರಿಕೊಳ್ಳುತ್ತದೆ. ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ಪಾಲಿಮರ್ ಗುಳಿಗೆ ತುಂಬಿದರೆ, ಅವು ಬೆಳೆಯುತ್ತ ನೀರಿನ ನೈಟ್ರೇಟನ್ನು ತಿಂದು ಹಾಕುತ್ತವೆ. ಆದರೆ ಹೆಚ್ಚಿನವರು ಕೊಳವೆ ಕೊಳ್ಳುವುದು ಕಬ್ಬಿಣದ ಆಕ್ಸೈಡ್ ಹರಳಿಗಾಗಿ. ಸರಳವಾಗಿ ಹೇಳಬೇಕೆಂದರೆ ಅದು ತುಕ್ಕಿನ ಬಂಧು. ಕುಡಿಯುವ ನೀರಿನಿಂದ ಆರ್ಸೆನಿಕ್ ತೆಗೆಯಲೂ ಇಂಥದೇ ಹರಳು ಬಳಕೆಯಲ್ಲಿದೆ. ಆರ್ಸೆನಿಕ್ಕನ್ನು ಹಿಡಿಯುವಂತೆಯೇ ಅದು ಫಾಸ್ಫೇಟನ್ನೂ ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಹಾಗಾಗಿ ‘ರಿಯಾಕ್ಟರ್ ಬೇಕೆ’ ಎಂಬ ಪ್ರಶ್ನೆಯ ಅರ್ಥ ಬಹುಪಾಲು ‘ಫಾಸ್ಫೇಟ್ ತೆಗೆಯಬೇಕೆ’ ಎಂದೇ.

ಫಾಸ್ಫೇಟ್ ಮೇಲೇಕೆ ಸಿಟ್ಟು?

ಹವಳದ ದಂಡೆಗಳ ಸುತ್ತಲಿನ ಕಡಲು ಕಣ್ಣಿಗೆ ತಿಳಿಯಾದ ನೀಲಿ; ಪೋಷಕಾಂಶದಲ್ಲಿ ಮರುಭೂಮಿ. ಅಲ್ಲಿ ಲೀಟರ್ ನೀರಿನಲ್ಲಿ ಫಾಸ್ಫೇಟ್ ಇರುವುದು 0.01ರಿಂದ 0.03 ಮಿಲಿಗ್ರಾಂ ಆಸುಪಾಸು. ಆಸ್ಟ್ರೇಲಿಯದ ಒನ್ ಟ್ರೀ ದ್ವೀಪದಲ್ಲಿ ಕಿನ್ಸಿ ಮತ್ತು ಡೇವೀಸ್ ಎಂಬ ವಿಜ್ಞಾನಿಗಳು ಹವಳದ ದಿಬ್ಬವೊಂದಕ್ಕೆ ತಿಂಗಳುಗಟ್ಟಲೆ ಸಾರಜನಕ, ರಂಜಕದ ಗೊಬ್ಬರ ಉಣಿಸಿ ನೋಡಿದ್ದರು. ದಿಬ್ಬ ಸುಣ್ಣ ಕಟ್ಟುವ ವೇಗ ಅರ್ಧಕ್ಕಿಂತ ಹೆಚ್ಚು ಕುಸಿಯಿತು ಎಂದು 1979ರಲ್ಲಿ ಅವರು ವರದಿ ಮಾಡಿದರು. ಪಾಚಿಗೆ ಹಬ್ಬ, ಹವಳಕ್ಕೆ ಉಪವಾಸ!

ಮನೆಯ ತೊಟ್ಟಿಗೆ ಈ ಗೊಬ್ಬರ ಎಲ್ಲಿಂದ ಬರುತ್ತದೆ? ನಮ್ಮ ಕೈಯಿಂದಲೇ. ಮೀನಿಗೆ ಹಾಕುವ ಒಣ ಆಹಾರದಲ್ಲಿ ಸುಮಾರು ಶೇ 1ರಷ್ಟು ರಂಜಕ ಇದೆ ಎಂದಿಟ್ಟುಕೊಳ್ಳಿ. ಒಂದು ಗ್ರಾಂ ಆಹಾರದಲ್ಲಿ 10 ಮಿಲಿಗ್ರಾಂ ರಂಜಕ. ಅದು ಫಾಸ್ಫೇಟ್ ಆದಾಗ ಸುಮಾರು 30 ಮಿಲಿಗ್ರಾಂ. 300 ಲೀಟರಿನ ತೊಟ್ಟಿಯಲ್ಲಿ ಅದೆಲ್ಲ ಕರಗಿದರೆ ಲೀಟರಿಗೆ 0.1 ಮಿಲಿಗ್ರಾಂ. ಅಂದರೆ ಒಂದು ಚಿಟಿಕೆ ಆಹಾರದಲ್ಲಿ ಕಡಲಿನ ಮೂರರಿಂದ ಹತ್ತು ಪಟ್ಟು ಫಾಸ್ಫೇಟ್ ಅಡಗಿದೆ. ಒಂದಷ್ಟು ಮೀನಿನ ಮೈಯಾಗುತ್ತದೆ, ಒಂದಷ್ಟು ಸ್ಕಿಮ್ಮರಿನ ನೊರೆಯಲ್ಲಿ ಹೊರಹೋಗುತ್ತದೆ, ಉಳಿದದ್ದು ನೀರಲ್ಲೇ ಉಳಿಯುತ್ತದೆ.

ನೀರು ಬದಲಿಸಿದರೆ ಸಾಲದೆ? ಐದನೇ ಒಂದು ಭಾಗ ಬದಲಿಸಿದರೆ ಫಾಸ್ಫೇಟ್ ಐದನೇ ಒಂದು ಭಾಗವಷ್ಟೇ ಇಳಿಯುತ್ತದೆ, 0.2 ಇದ್ದದ್ದು 0.16. ಅಷ್ಟರಲ್ಲಿ ಇನ್ನೊಂದು ತಮಾಷೆ. ತೊಟ್ಟಿಯ ಸುಣ್ಣಕಲ್ಲು, ಮರಳು ತಿಂಗಳುಗಳಿಂದ ಫಾಸ್ಫೇಟನ್ನು ಹೀರಿಕೊಂಡು ಕುಳಿತಿರುತ್ತವೆ. ನೀರಿನಲ್ಲಿ ಕಡಿಮೆಯಾದ ತಕ್ಷಣ ಅವು ಸಾಲ ತೀರಿಸುವವರಂತೆ ಅದನ್ನು ಮರಳಿ ಬಿಡುತ್ತವೆ. ನಾಲ್ಕು ದಿನಕ್ಕೆ ಅಂಕಿ ಮತ್ತೆ ಮೊದಲಿನ ಜಾಗಕ್ಕೆ. ಇಂಥ ಹಳೆಯ ತೊಟ್ಟಿಗಳಲ್ಲೇ ಕಬ್ಬಿಣದ ಹರಳಿನ ನಿಜವಾದ ಉಪಯೋಗ. ಅದು ಹಗಲೂ ರಾತ್ರಿ ದುಡಿದು ಹಳೆಯ ಬಾಕಿಯನ್ನು ಖಾಲಿ ಮಾಡುತ್ತದೆ.

ಸೊನ್ನೆಯ ಅಪಾಯ

ಹಾಗಿದ್ದರೆ ಇವತ್ತೇ ಹಾಕಿಬಿಡೋಣ ಎನ್ನುವ ಮೊದಲು ಇನ್ನೊಂದು ಮುಖ ನೋಡಿ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳು ಬಾಡಿಗೆಗಿವೆ. ಬೆಳಕಿನಿಂದ ಸಕ್ಕರೆ ತಯಾರಿಸಿ ಒಡೆಯನಿಗೆ ಕೊಡುವುದು ಅವುಗಳ ಕೆಲಸ. ಆ ಪಾಚಿಗೂ ಫಾಸ್ಫೇಟ್ ಬೇಕು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಯೋರ್ಗ್ ವೀಡೆನ್‌ಮನ್ ಮತ್ತು ಸಂಗಡಿಗರು ಇದೇ ವಿಷಯ ಹಿಡಿದು ಪ್ರಯೋಗ ನಡೆಸಿದರು. ನೈಟ್ರೇಟ್ ಧಾರಾಳವಾಗಿದ್ದು ಫಾಸ್ಫೇಟ್ ಮಾತ್ರ ಬರಿದಾದರೆ, ಬಿಸಿಲು-ಬಿಸಿ ತಟ್ಟಿದಾಗ ಹವಳ ಸುಲಭವಾಗಿ ಬಿಳಿಚಿಕೊಳ್ಳುತ್ತದೆ ಎಂದು ಈ ತಂಡ ತೋರಿಸಿತು. 2017ರಲ್ಲಿ ಬಂದ ಅವರದೇ ಇನ್ನೊಂದು ಅಧ್ಯಯನ ಫಾಸ್ಫೇಟಿನ ಕೊರತೆಯೇ ಬಿಳಿಚುವಿಕೆಗೆ ದಾರಿ ಮಾಡಿಕೊಡುತ್ತದೆ ಎಂದಿತು. ಅತಿಯಾದರೆ ಅಮೃತವೂ ವಿಷ; ಇಲ್ಲಿ ವಿಷವೆಂದುಕೊಂಡದ್ದು ಪೂರ್ತಿ ಇಲ್ಲವಾದರೂ ಅಪಾಯವೇ.

ಅನುಭವಿಗಳ ಮಾತೂ ಇದಕ್ಕೆ ಹೊಂದುತ್ತದೆ. ಹೊಸ ಉತ್ಸಾಹದಲ್ಲಿ ಕೊಳವೆ ತುಂಬ ಹರಳು ಸುರಿದು, ಫಾಸ್ಫೇಟನ್ನು ಎರಡೇ ದಿನದಲ್ಲಿ ನೆಲಕಚ್ಚಿಸಿದ ತೊಟ್ಟಿಗಳಲ್ಲಿ ಹವಳದ ಬುಡದಿಂದ ಚರ್ಮ ಸುಲಿದು ಬರುವುದುಂಟು. ಫಾಸ್ಫೇಟ್, ನೈಟ್ರೇಟ್ ಎರಡೂ ಸೊನ್ನೆಯಾದ ತೊಟ್ಟಿಯಲ್ಲಿ ಗುಳ್ಳೆಗಳಿಂದ ಕೂಡಿದ ಕಂದು ಲೋಳೆ ಹಬ್ಬುವುದೂ ಉಂಟು. ಅದನ್ನು ತೆಗೆಯುವ ಕಷ್ಟದ ಮುಂದೆ ಹಳೆಯ ಪಾಚಿಯೇ ವಾಸಿ. ಇದ್ದಿಲಿಗೂ ಇದೇ ಎಚ್ಚರಿಕೆ. ಹಳದಿ ನೀರು ಒಮ್ಮೆಲೇ ತಿಳಿಯಾದರೆ ಅಷ್ಟೇ ದೀಪದಿಂದ ಹೆಚ್ಚು ಬೆಳಕು ಇಳಿದು ಹವಳ ಸುಡುತ್ತದೆ.

ಜಕಾರ್ತದ ಪಾಠ

ಯಂತ್ರವಿಲ್ಲದೆ ಆಗುವುದೇ ಇಲ್ಲವೆ? 1961ರಲ್ಲಿ ಇಂಡೋನೇಷ್ಯದ ಲೀ ಚಿನ್ ಎಂಗ್ ಎಂಬಾತ ತನ್ನ ತೊಟ್ಟಿಗಳ ಬಗ್ಗೆ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದ. ಕಡಲಿನ ನೀರು, ಜೀವ ತುಂಬಿದ ಬಂಡೆ, ಬಿಸಿಲು, ಒಂದಿಷ್ಟು ಗಾಳಿಯ ಗುಳ್ಳೆ. ಇಷ್ಟರಲ್ಲೇ ಆತ ಹವಳ ಸಾಕಿದ್ದ. ಬಂಡೆಯಲ್ಲಿದ್ದ ಬ್ಯಾಕ್ಟೀರಿಯಾಗಳೇ ಆತನ ಯಂತ್ರಗಳು. ಆದರೆ ಜಕಾರ್ತದಲ್ಲಿ ಕಡಲು ಕೈಗೆಟುಕುವಷ್ಟು ಹತ್ತಿರ ಎಂಬುದನ್ನೂ ಮರೆಯಬಾರದು. ಪೊಟ್ಟಣದ ಉಪ್ಪು ಕಲಸಿ ಕಡಲು ಮಾಡಿಕೊಳ್ಳುವ ಬೆಂಗಳೂರಿನವರಿಗೆ ಆ ಸೌಲಭ್ಯ ಇಲ್ಲ.

ನಿರ್ಧಾರ ಹೇಗೆ?

ಮೊದಲು ಅಳೆಯಿರಿ. ಪಾಚಿ ಕಂಡ ಮಾತ್ರಕ್ಕೆ ಕೊಳವೆ ಕೊಳ್ಳಬೇಡಿ. ಬಣ್ಣ ಹೋಲಿಸಿ ನೋಡುವ ಅಗ್ಗದ ಕಿಟ್ಟಿನಲ್ಲಿ ಸಣ್ಣ ಪ್ರಮಾಣಗಳ ವ್ಯತ್ಯಾಸ ಕಣ್ಣಿಗೆ ಸಿಗುವುದಿಲ್ಲ. ಅಂಕಿ ತೋರಿಸುವ ಪುಟ್ಟ ಮಾಪಕ ರಿಯಾಕ್ಟರಿಗಿಂತ ಮೊದಲು ಮನೆಗೆ ಬರಲಿ. ವಾರಕ್ಕೊಮ್ಮೆಯಂತೆ ಒಂದು ತಿಂಗಳು ಬರೆದಿಡಿ. ಪಾಚಿ ತುಂಬಿದ್ದೂ ಅಂಕಿ ಕಡಿಮೆ ಬಂದರೆ ಮೋಸಹೋಗಬೇಡಿ, ಫಾಸ್ಫೇಟನ್ನು ಪಾಚಿಯೇ ತಿನ್ನುತ್ತಿರಬಹುದು. ಅಂಥ ಪಾಚಿಯನ್ನು ಕೈಯಿಂದ ಕಿತ್ತು ಹೊರಹಾಕುವುದೂ ಫಾಸ್ಫೇಟ್ ತೆಗೆದಂತೆಯೇ.

ಅಂಕಿ 0.03ರಿಂದ 0.1ರ ನಡುವೆ ಇದ್ದು ಹವಳ ಅರಳಿದ್ದರೆ ಏನೂ ಮಾಡಬೇಡಿ. 0.1 ದಾಟಿದ್ದರೆ ಮೊದಲು ಮೂಲ ಹುಡುಕಿ. ಆಹಾರ ಹೆಚ್ಚಾಯಿತೆ? ಮಂಜುಗಟ್ಟಿದ ಆಹಾರವನ್ನು ಕರಗಿದ ನೀರಿನ ಸಮೇತ ಸುರಿಯುತ್ತಿದ್ದೀರಾ? ನಲ್ಲಿ ಅಥವಾ ಬೋರ್‌ವೆಲ್ ನೀರಿಗೇ ಉಪ್ಪು ಕಲಸುತ್ತಿದ್ದೀರಾ? ಇವನ್ನು ಸರಿಪಡಿಸಿದರೆ ಎಷ್ಟೋ ತೊಟ್ಟಿಗಳಿಗೆ ಬೇರೆ ಔಷಧ ಬೇಕಾಗುವುದಿಲ್ಲ. ಅದಾದ ಮೇಲೂ ಅಂಕಿ ಇಳಿಯದಿದ್ದರೆ ಹರಳನ್ನು ಬಲೆಯ ಚೀಲದಲ್ಲಿ ಕಟ್ಟಿ ನೀರು ಹರಿಯುವ ಜಾಗದಲ್ಲಿಟ್ಟು ನೋಡಿ. ಸಣ್ಣ ತೊಟ್ಟಿಗೆ ಇಷ್ಟೇ ಸಾಕಾಗಬಹುದು.

ತೊಟ್ಟಿ ದೊಡ್ಡದು, ಮೀನು ಹೆಚ್ಚು, ಚೀಲದಿಂದ ಏನೂ ಆಗಲಿಲ್ಲ ಎಂದಾದರೆ ರಿಯಾಕ್ಟರಿಗೆ ಅರ್ಥವಿದೆ. ಹರಳನ್ನು ಕೆಂಪು ದೂಳು ಹೋಗುವವರೆಗೆ ತೊಳೆಯಿರಿ. ಪೊಟ್ಟಣದ ಮೇಲೆ ಬರೆದದ್ದರ ಕಾಲುಭಾಗದಿಂದ ಆರಂಭಿಸಿ. ಮೇಲ್ಪದರದ ಹರಳು ಮೆಲ್ಲಗೆ ಅಲುಗುವಷ್ಟೇ ನೀರು ಬಿಡಿ. ರಭಸ ಹೆಚ್ಚಾದರೆ ಅವು ಉಜ್ಜಿಕೊಂಡು ಪುಡಿಯಾಗಿ ತೊಟ್ಟಿಗೆ ನುಗ್ಗುತ್ತವೆ. ಆರಂಭದಲ್ಲಿ ಎರಡು ದಿನಕ್ಕೊಮ್ಮೆ ಅಳೆಯಿರಿ, ಇಳಿತ ವಾರಗಳಲ್ಲಿ ಆಗಲಿ. ಗುರಿ ತಲುಪಿದ ಮೇಲೆ ಪಂಪು ನಿಲ್ಲಿಸಲು ಹಿಂಜರಿಯಬೇಡಿ. ಬ್ಯಾಕ್ಟೀರಿಯಾ ಗುಳಿಗೆಯ ಕೊಳವೆಯಾದರೆ ಕರೆಂಟು ಹೋದಾಗಿನ ಯೋಚನೆಯೂ ಇರಲಿ. ಗಂಟೆಗಟ್ಟಲೆ ನಿಂತ ನೀರು ಒಳಗೇ ಕೊಳೆತು, ಪಂಪು ಮತ್ತೆ ತಿರುಗಿದಾಗ ಕೊಳೆತ ಮೊಟ್ಟೆಯ ವಾಸನೆಯ ವಿಷವನ್ನು ತೊಟ್ಟಿಗೆ ಬಿಡಬಲ್ಲದು.

ಕೊನೆಗೊಂದು ಮಾತು. ಗಟ್ಟಿ ಹವಳಕ್ಕೆ 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಷೆಡ್ಯೂಲಿನ ರಕ್ಷಣೆ ಇದೆ. ಹುಲಿಗೆ ಇರುವುದೂ ಅದೇ ಷೆಡ್ಯೂಲು. ಮುರುಡೇಶ್ವರದಾಚೆಯ ನೇತ್ರಾಣಿಯಿಂದಾಗಲಿ, ಲಕ್ಷದ್ವೀಪದಿಂದಾಗಲಿ ಒಂದು ತುಂಡು ಮುರಿದು ತಂದರೂ ಅಪರಾಧ. ಅಷ್ಟು ಬೆಲೆಯುಳ್ಳ ಜೀವಿಯನ್ನು ಎಲ್ಲಿಂದ ತಂದದ್ದೆಂದು ವಿಚಾರಿಸದೆ ತೊಟ್ಟಿಗೆ ಇಳಿಸಬಾರದು. ಇಳಿಸಿದ ಮೇಲೆ ಅದರ ನೀರನ್ನು ಊಹೆಯ ಮೇಲೆ ಬದಲಾಯಿಸಬಾರದು. ಕೊಳವೆ ನಾಳೆಯೂ ಅಂಗಡಿಯಲ್ಲಿ ಸಿಗುತ್ತದೆ. ಇನ್ನೊಂದು ವಾರ ಅಳೆದು ನೋಡಿದರೆ ಹವಳಕ್ಕೇನೂ ನಷ್ಟವಿಲ್ಲ.