ಹತ್ತು ಮೈಲಿಯ ಹಳಿ, ಮೂರು ಕಿಲೋಮೀಟರ್ ಆಳ

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲು ದಾರಿ ಹೆಚ್ಚೆಂದರೆ ಹತ್ತು ಮೈಲಿ, ಸುಮಾರು 16 ಕಿ.ಮೀ. ಕೋರಮಂಡಲ್, ಉರಿಗಾಂ, ಚಾಂಪಿಯನ್ ದಾಟಿದರೆ ಮಾರಿಕುಪ್ಪಂ. ಇಷ್ಟು ಚಿಕ್ಕ ಕವಲು ದಾರಿಗೆ ಇಷ್ಟೊಂದು ನಿಲ್ದಾಣಗಳೇಕೆ? ರೈಲು ಊರುಗಳನ್ನು ಹುಡುಕಿಕೊಂಡು ಬಂದದ್ದಲ್ಲ, ಕೋಲಾರದ ಚಿನ್ನದ ಗಣಿಗಳನ್ನು ಹುಡುಕಿಕೊಂಡು ಬಂದದ್ದು.

ಬೆಂಗಳೂರು–ಜೋಲಾರಪೇಟೆ ಮಾರ್ಗ 1864ರಲ್ಲೇ ತೆರೆದಿತ್ತು. ಆ ಮಾರ್ಗದಲ್ಲಿ, ಮೈಸೂರಿನ ಕಮಿಷನರ್ ಬೌರಿಂಗ್ ಹೆಸರು ಹೊತ್ತ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. 1870ರ ದಶಕದಲ್ಲಿ ಲ್ಯಾವೆಲ್ ಎಂಬ ನಿವೃತ್ತ ಸೈನಿಕ ಕೋಲಾರದ ಈ ನೆಲದಲ್ಲಿ ಚಿನ್ನ ಹುಡುಕಲು ಪರವಾನಗಿ ಪಡೆದ. 1880ರಲ್ಲಿ ಗಣಿ ನಡೆಸಲು ಜಾನ್ ಟೇಲರ್ ಕಂಪನಿ ಬಂತು. ಗಣಿಯ ಭಾರಿ ಯಂತ್ರಗಳು ಬೌರಿಂಗ್‌ಪೇಟೆಯವರೆಗೆ ರೈಲಿನಲ್ಲಿ ಬಂದರೂ, ಮುಂದಿನ ದಾರಿಗೆ ಎತ್ತಿನ ಗಾಡಿಯೇ ಗತಿ.

ಚಿನ್ನ ಸಾಗಿಸಲು ಹಳಿ ಬೇಕಿರಲಿಲ್ಲ; ಟನ್‌ಗಟ್ಟಲೆ ಅದಿರು ಅರೆದರೂ ಸಿಗುತ್ತಿದ್ದದ್ದು ಗ್ರಾಂಗಳ ಲೆಕ್ಕದಲ್ಲಿ. ಹಳಿ ಬೇಕಿದ್ದದ್ದು ಇಂಧನಕ್ಕೆ. ಗಣಿ ಆಳವಾದಷ್ಟೂ ಅದಿರು ಮೇಲೆತ್ತಲು, ನೀರು ಹೊರಹಾಕಲು, ಕಲ್ಲು ಕುಟ್ಟಲು ಹಬೆ ಯಂತ್ರಗಳು ದೊಡ್ಡದಾಗುತ್ತಲೇ ಹೋದವು. ಅವುಗಳ ಹೊಟ್ಟೆ ತುಂಬಿಸುವುದು ಎತ್ತಿನ ಗಾಡಿಗಳಿಂದ ಆಗುವ ಕೆಲಸವಾಗಿರಲಿಲ್ಲ. 1894ರಲ್ಲಿ ಕವಲು ಮಾರ್ಗ ತೆರೆಯಿತು. ಎಂಟೇ ವರ್ಷದಲ್ಲಿ, 1902ರ ಜೂನ್ 30ರಂದು, ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿ.ಮೀ. ತಂತಿಯಲ್ಲಿ ಹರಿದು ಗಣಿ ಮುಟ್ಟಿತು. ಬೆಂಗಳೂರಿಗೂ ಮೊದಲು ಬೆಳಕು ಕಂಡದ್ದು ಈ ಗಣಿ ಊರು.

ಚಾಂಪಿಯನ್‌ನಲ್ಲಿ ಮಾತ್ರ ದೂರದ ಲೆಕ್ಕವೇ ಬೇರೆ. ಪಕ್ಕದ ನಿಲ್ದಾಣ ತಲುಪಲು ಕೆಲವೇ ನಿಮಿಷ. ಅಲ್ಲಿನ ಚಾಂಪಿಯನ್ ರೀಫ್ಸ್ ಗಣಿಯ ತಳವೋ ಮೂರು ಕಿಲೋಮೀಟರ್‌ಗೂ ಕೆಳಗೆ. ಕಾರ್ಮಿಕರನ್ನು ಒಂದೇ ಕೇಜ್ (ಗಣಿಯ ಲಿಫ್ಟ್) ಅಲ್ಲಿಗೆ ಇಳಿಸುತ್ತಿರಲಿಲ್ಲ. ಒಂದು ಶಾಫ್ಟ್‌ನಿಂದ ಇಳಿದು, ಸುರಂಗದಲ್ಲಿ ಸಾಗಿ, ಇನ್ನೊಂದರಲ್ಲಿ ಮತ್ತೆ ಇಳಿಯಬೇಕಿತ್ತು. ಬಂಡೆಯೇ ಕಾದು ಸುಡುವ ಸೆಕೆ, ಯಾವ ಗಳಿಗೆಯಲ್ಲಾದರೂ ಬಂಡೆ ಸಿಡಿಯುವ ಭಯ. ಶಿಫ್ಟ್ ಮುಗಿಸಿ ಮೇಲೆ ಬಂದವರಿಗೆ ಕಾಯುತ್ತಿದ್ದದ್ದು ಕಾರ್ಮಿಕರ ಸಾಲುಮನೆಯ ಒಂದು ಇಕ್ಕಟ್ಟಾದ ಕೋಣೆ. ಗಣಿಯ ಆಳವನ್ನು ವಿಜ್ಞಾನಿಗಳೂ ಬಳಸಿಕೊಂಡರು: ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳ ಸುಳಿವು 1965ರಲ್ಲಿ ಸಿಕ್ಕಿದ್ದು ಚಾಂಪಿಯನ್ ರೀಫ್ಸ್‌ನಲ್ಲಿ, ಎರಡು ಕಿಲೋಮೀಟರ್‌ಗೂ ಆಳದಲ್ಲಿ. ಭೌತವಿಜ್ಞಾನದ ಚರಿತ್ರೆಯಲ್ಲಿ ಈ ಊರಿಗೊಂದು ಸ್ಥಾನವಿದೆ ಎಂಬುದನ್ನು ನಮ್ಮ ಶಾಲೆಗಳಲ್ಲಿ ಹೇಳಿಕೊಡಬೇಕು.

800 ಟನ್‌ಗೂ ಹೆಚ್ಚು ಚಿನ್ನ ಕೊಟ್ಟ ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಹಳಿ ಉಳಿಯಿತು. ಗಣಿಗಾಗಿ ಹಾಕಿದ ಆ ಹಳಿಯ ಮೇಲೆ ಈಗ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ನಸುಕಿನಲ್ಲೇ ಬೆಂಗಳೂರಿಗೆ ಹೊರಡುತ್ತಾರೆ. ನೂರು ಕಿಲೋಮೀಟರ್‌ಗೂ ಕಡಿಮೆ ದಾರಿಗೆ ಎರಡು ಗಂಟೆಗೂ ಮೀರಿದ ಪಯಣ. ಸಂಜೆ ಮತ್ತೆ ಅಷ್ಟೇ. ದಿನದ ನಾಲ್ಕೈದು ಗಂಟೆ ರೈಲಿನಲ್ಲೇ ಕಳೆಯುತ್ತದೆ. ಮಾರಿಕುಪ್ಪಂನಿಂದ ಕುಪ್ಪಂಗೆ ಹೊಸ ಮಾರ್ಗ ಮಂಜೂರಾದದ್ದು ಒಳ್ಳೆಯದೇ. ಆದರೆ ಈ ಜನಕ್ಕೆ ಮೊದಲು ಬೇಕಿರುವುದು ಬೆಳಿಗ್ಗೆ, ಸಂಜೆ ಇನ್ನೊಂದೆರಡು ವೇಗದ ರೈಲು. ರೈಲ್ವೆ ಇಲಾಖೆ ಅಷ್ಟನ್ನಾದರೂ ಕೊಡಲಿ.